ಇಂಗ್ಲೆಂಡಿನ ಫ್ರೀ ನರ್ಸರಿ: ಮೂರು ತುಂಬಿದ ದಿನದಿಂದ ಅಲ್ಲ, ಮುಂದಿನ ಟರ್ಮ್‌ನಿಂದ

ಈ ವಾರ ಹಾಫ್ ಟರ್ಮ್, ಅಂದರೆ ಟರ್ಮ್ (ಶಾಲಾ ವರ್ಷದ ಮೂರು ಭಾಗಗಳಲ್ಲಿ ಒಂದು) ನಡುವೆ ಬರುವ ರಜೆ. ಪುಟ್ಟಿ ನನ್ನ ಪಕ್ಕದಲ್ಲೇ ನೆಲದ ಮೇಲೆ ಕೂತು ಬಣ್ಣ ಹಚ್ಚುತ್ತಿದ್ದಾಳೆ. ಅವಳು ಸರ್ಕಾರಿ ಖರ್ಚಿನ ನರ್ಸರಿಗೆ ಹೋಗಲು ಶುರು ಮಾಡಿ ಐದು ತಿಂಗಳಾಯಿತು. ಇಲ್ಲಿಗೆ ಹೊಸದಾಗಿ ಬಂದ ನಮ್ಮ ಕಡೆಯವರು ಈ ವಿಷಯದಲ್ಲಿ ನನ್ನನ್ನು ಕೇಳುವುದು ಜಾಸ್ತಿ ಆಗಿದೆ. ಪ್ರತಿ ಸಲ ಫೋನಿನಲ್ಲಿ ಅರ್ಧ ಗಂಟೆ ಹೇಳುವ ಬದಲು ಒಂದೇ ಸಲ ಬರೆದುಬಿಡೋಣ ಅನ್ನಿಸಿತು. ನಾನು ಅಂಕ ಕೊಡುವುದಾದರೆ ಐದಕ್ಕೆ ನಾಲ್ಕು. ಆ ಒಂದು ಅಂಕ ಎಲ್ಲಿ ಕಳೆದೆ ಅನ್ನುವುದನ್ನೂ ಹೇಳುತ್ತೇನೆ.

ನಾವಿರುವುದು ಮಿಲ್ಟನ್ ಕೀನ್ಸ್‌ನಲ್ಲಿ. ನನ್ನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸ್, ಹೆಲ್ತ್ ಅಂಡ್ ಕೇರ್ ವೀಸಾದಲ್ಲಿ ಬಂದವಳು. ನಾನು ಅವಳ ಡಿಪೆಂಡೆಂಟ್ ಆಗಿ, ಅಂದರೆ ಅವಳ ವೀಸಾದ ಆಧಾರದ ಮೇಲೆ ಬಂದವನು, ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡುತ್ತೇನೆ. ಅವಳದು ಹನ್ನೆರಡೂವರೆ ಗಂಟೆಯ ಹಗಲು ಪಾಳಿ. ಊರಲ್ಲಾದರೆ ಅಜ್ಜಿ ಇರುತ್ತಾರೆ, ಅತ್ತೆ ಇರುತ್ತಾರೆ, ಪಕ್ಕದ ಮನೆಯವರಾದರೂ ಒಂದು ಗಂಟೆ ನೋಡಿಕೊಳ್ಳುತ್ತಾರೆ. ಇಲ್ಲಿ ನಾವಿಬ್ಬರೇ. ಹಾಗಾಗಿ ಪುಟ್ಟಿಗೆ ಎರಡು ವರ್ಷ ಆದಾಗಿನಿಂದ ವಾರಕ್ಕೆ ಎರಡು ದಿನ ಒಂದು ಖಾಸಗಿ ನರ್ಸರಿಗೆ ಕಳಿಸುತ್ತಿದ್ದೆವು. ದಿನಕ್ಕೆ 72 ಪೌಂಡ್. ನಾನು ರಾತ್ರಿ ಪಾಳಿ ಮುಗಿಸಿ ಬಂದು ಅವಳನ್ನು ಬಿಟ್ಟು, ಮನೆಗೆ ಬಂದು ಮಲಗಿ, ಮತ್ತೆ ಎದ್ದು ಕರೆದುಕೊಂಡು ಬರುವುದು. ವಾರದ 144 ಪೌಂಡ್ ಕೊಡುವಾಗ ಪ್ರತಿ ಸಲ ಕೈ ನಡುಗುತ್ತಿತ್ತು.

ಮೂರು ವರ್ಷ ಆದರೆ ಸರ್ಕಾರ ವಾರಕ್ಕೆ 15 ಗಂಟೆ ನರ್ಸರಿ ಫ್ರೀ ಕೊಡುತ್ತದೆ ಅಂತ ಎಲ್ಲರೂ ಹೇಳುತ್ತಿದ್ದರು. ಪುಟ್ಟಿ ಹುಟ್ಟಿದ್ದು 2022ರ ಏಪ್ರಿಲ್ 6ಕ್ಕೆ. ಸರಿ, 2025ರ ಏಪ್ರಿಲ್ 6ಕ್ಕೆ ಮೂರು ತುಂಬುತ್ತದೆ, 7ರಿಂದ ಫ್ರೀ ಅಂತ ನಾವು ಲೆಕ್ಕ ಹಾಕಿಕೊಂಡು ಕೂತಿದ್ದೆವು. ಆ ಲೆಕ್ಕ ತಪ್ಪು. ಇಂಗ್ಲೆಂಡಿನಲ್ಲಿ ಮಗುವಿಗೆ ಮೂರು ತುಂಬಿದ ದಿನದಿಂದ ಅಲ್ಲ, ಮೂರು ತುಂಬಿದ ಮೇಲೆ ಬರುವ ಟರ್ಮ್‌ನಿಂದ ಶುರು. ವರ್ಷದಲ್ಲಿ ಇದಕ್ಕೆ ಮೂರೇ ದಿನಾಂಕ: ಜನವರಿ 1, ಏಪ್ರಿಲ್ 1, ಸೆಪ್ಟೆಂಬರ್ 1. ಜನವರಿಯಿಂದ ಮಾರ್ಚ್ 31ರೊಳಗೆ ಹುಟ್ಟಿದ ಮಗುವಿಗೆ ಏಪ್ರಿಲ್ 1ರ ಮೇಲಿನ ಟರ್ಮ್. ಏಪ್ರಿಲ್ 1ರಿಂದ ಆಗಸ್ಟ್ 31ರೊಳಗೆ ಹುಟ್ಟಿದ್ದರೆ ಸೆಪ್ಟೆಂಬರ್. ಸೆಪ್ಟೆಂಬರ್‌ನಿಂದ ಡಿಸೆಂಬರ್ ಒಳಗೆ ಹುಟ್ಟಿದ್ದರೆ ಜನವರಿ.

ನಮ್ಮ ಬೀದಿಯಲ್ಲೇ ಇರುವ ಗೆಳೆಯನ ಮಗ ಅದೇ ವರ್ಷ ಮಾರ್ಚ್ 28ಕ್ಕೆ ಹುಟ್ಟಿದವನು. ಪುಟ್ಟಿಗಿಂತ ಒಂಬತ್ತೇ ದಿನ ದೊಡ್ಡವನು. ಅವನು ಈಸ್ಟರ್ ರಜೆ ಮುಗಿದ ಕೂಡಲೇ ಏಪ್ರಿಲ್‌ನಲ್ಲಿ ಫ್ರೀ ನರ್ಸರಿಗೆ ಹೋದ. ಪುಟ್ಟಿ ಸೆಪ್ಟೆಂಬರ್ ತನಕ ಕಾದಳು. ಆ ಐದು ತಿಂಗಳೂ ನಾವು ವಾರಕ್ಕೆ 144 ಪೌಂಡ್ ಪೂರ್ತಿ ಕಟ್ಟಿದೆವು. ಇಬ್ಬರೂ ಒಂದೇ ಪಾರ್ಕಿನಲ್ಲಿ ಒಂದೇ ಜಾರುಬಂಡೆಯಲ್ಲಿ ಆಡುವ ಮಕ್ಕಳು. ನನಗೆ ನಿಜಕ್ಕೂ ಬೇಜಾರಾಗಿದ್ದು ಇಲ್ಲೇ, ಆ ಒಂದು ಅಂಕ ಕಳೆದಿದ್ದೂ ಇದಕ್ಕೇ.

ದುಡ್ಡಿನ ಮಾತು ಬಿಡಿ, ಮಗುವಿಗೆ ಸಿಗುವ ಒಟ್ಟು ಕಾಲವೇ ಬೇರೆ ಆಗುತ್ತದೆ. ಇಲ್ಲಿ ನಾಲ್ಕು ತುಂಬಿದ ಮಕ್ಕಳು ಮುಂದಿನ ಸೆಪ್ಟೆಂಬರ್‌ಗೆ ರಿಸೆಪ್ಷನ್‌ಗೆ, ಅಂದರೆ ಪ್ರೈಮರಿ ಶಾಲೆಯ ಮೊದಲ ಕ್ಲಾಸಿಗೆ ಹೋಗುತ್ತಾರೆ. 2021ರ ಸೆಪ್ಟೆಂಬರ್‌ನಲ್ಲಿ ಹುಟ್ಟಿದ ಮಗುವೂ 2022ರ ಆಗಸ್ಟ್‌ನಲ್ಲಿ ಹುಟ್ಟಿದ ಮಗುವೂ ಒಟ್ಟಿಗೇ 2026ರ ಸೆಪ್ಟೆಂಬರ್‌ಗೆ ರಿಸೆಪ್ಷನ್ ಸೇರುತ್ತವೆ. ಆದರೆ ಅದಕ್ಕೂ ಮೊದಲು ಸೆಪ್ಟೆಂಬರ್ ಮಗುವಿಗೆ ಐದು ಟರ್ಮ್ ಫ್ರೀ ನರ್ಸರಿ ಸಿಕ್ಕಿರುತ್ತದೆ, ಮಾರ್ಚ್ ಮಗುವಿಗೆ ನಾಲ್ಕು, ನಮ್ಮ ಪುಟ್ಟಿಯಂಥ ಏಪ್ರಿಲ್ ಮಗುವಿಗೂ ಆಗಸ್ಟ್ ಮಗುವಿಗೂ ಮೂರೇ. ಅಂದರೆ ತರಗತಿಯಲ್ಲಿ ವಯಸ್ಸಿನಲ್ಲಿ ಚಿಕ್ಕದಾದ ಮಕ್ಕಳಿಗೇ ಕಡಿಮೆ ತಯಾರಿ. ಮನೆಯಲ್ಲಿ ಇಂಗ್ಲಿಷ್ ಮಾತಾಡದ ಮಕ್ಕಳಿಗೆ ಒಂದೊಂದು ಟರ್ಮ್ ಕೂಡ ಎಷ್ಟು ಮುಖ್ಯ ಅಲ್ವಾ?

ನಮ್ಮ ಊರಿನ ಅಂಗನವಾಡಿ ಜೊತೆ ಹೋಲಿಸದೆ ಇರಲು ನನಗೆ ಆಗಲಿಲ್ಲ. ತಿಪಟೂರಿನಲ್ಲಿ ತಂಗಿಯ ಮಗನಿಗೆ ಮೂರು ತುಂಬಿದ ವಾರವೇ ಬೀದಿ ಕೊನೆಯ ಅಂಗನವಾಡಿಗೆ ಕಳಿಸಿದಳು. ಟರ್ಮ್ ಗಿರ್ಮ್ ಏನೂ ಇಲ್ಲ. ಬೆಳಿಗ್ಗೆ ಸಹಾಯಕಿ ಅಕ್ಕನೇ ಮನೆ ಮನೆಗೆ ಬಂದು ಮಕ್ಕಳನ್ನು ಕರೆದುಕೊಂಡು ಹೋಗುತ್ತಾರೆ. ಮಧ್ಯಾಹ್ನದ ಊಟ ಅಲ್ಲೇ. 1975ರ ಅಕ್ಟೋಬರ್ 2ಕ್ಕೆ ದೇಶದಲ್ಲಿ 33 ಕಡೆ ಶುರುವಾದ ಯೋಜನೆ ಅದು. ನಮ್ಮ ರಾಜ್ಯದಲ್ಲಿ ಮೊದಲು ಬಂದಿದ್ದು ತಿ. ನರಸೀಪುರಕ್ಕೆ. ಕಟ್ಟಡ ಸಣ್ಣದಿರಬಹುದು, ಆಟದ ಸಾಮಾನು ಕಡಿಮೆ ಇರಬಹುದು, ಟೀಚರ್‌ಗೆ ಸರ್ವೆ ಕೆಲಸ, ತೂಕದ ಲೆಕ್ಕ, ಬಾಣಂತಿಯರ ಲೆಕ್ಕ ಅಂತ ನೂರೆಂಟು ಹೊರೆ ಇರುವುದು ನಿಜ. ಆದರೂ ಮೂರು ತುಂಬಿದ ಮಗುವನ್ನು ‘ಇನ್ನೂ ಐದು ತಿಂಗಳು ಬಿಟ್ಟು ಬಾ’ ಅಂತ ಅವರು ವಾಪಸ್ ಕಳಿಸುವುದಿಲ್ಲ.

ಈಗ ನಮ್ಮ ಕಡೆಯವರು ಗಮನ ಕೊಟ್ಟು ಓದಬೇಕಾದ ಮಾತು. ಇಲ್ಲಿ ಎರಡು ಬೇರೆ ಬೇರೆ ಸೌಲಭ್ಯ ಇವೆ. ಜನ ಎರಡನ್ನೂ ಕಲಸಿಬಿಡುತ್ತಾರೆ. ಒಂದು, ಮೂರು ಮತ್ತು ನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ವಾರಕ್ಕೆ 15 ಗಂಟೆ, ವರ್ಷಕ್ಕೆ 38 ವಾರ, ಒಟ್ಟು 570 ಗಂಟೆ. ಇದಕ್ಕೆ ಅಪ್ಪ ಅಮ್ಮ ಕೆಲಸ ಮಾಡುತ್ತಾರಾ, ಎಷ್ಟು ದುಡಿಯುತ್ತಾರೆ, ಯಾವ ವೀಸಾ ಅನ್ನುವುದು ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಇನ್ನೊಂದು, ಕೆಲಸ ಮಾಡುವ ಪೋಷಕರಿಗೆ ಅಂತ ಕೊಡುವ 30 ಗಂಟೆ. 2017ರಲ್ಲಿ ಇದು ಮೂರು, ನಾಲ್ಕು ವರ್ಷದ ಮಕ್ಕಳಿಗೆ ಮಾತ್ರ ಇತ್ತು. 2025ರ ಸೆಪ್ಟೆಂಬರ್‌ನಿಂದ ಒಂಬತ್ತು ತಿಂಗಳ ಕೂಸಿನಿಂದಲೇ ಕೊಡುತ್ತಿದ್ದಾರೆ. ಇದಕ್ಕೆ ಮಾತ್ರ ಷರತ್ತು ಇದೆ. ಇಬ್ಬರೂ ವಾರಕ್ಕೆ 16 ಗಂಟೆಯ ಕನಿಷ್ಠ ಕೂಲಿಯಷ್ಟಾದರೂ ದುಡಿಯಬೇಕು, ಇಬ್ಬರಲ್ಲಿ ಯಾರ ಆದಾಯವೂ ವರ್ಷಕ್ಕೆ 1 ಲಕ್ಷ ಪೌಂಡ್ ದಾಟಬಾರದು, ಮತ್ತೆ ಇಬ್ಬರಲ್ಲಿ ಒಬ್ಬರಿಗಾದರೂ ಸರ್ಕಾರಿ ನೆರವು ಪಡೆಯುವ ಹಕ್ಕು ಇರಬೇಕು.

ಆ ಕೊನೆಯ ಷರತ್ತಿನಲ್ಲೇ ನಮ್ಮಂಥವರು ಹೊರಗೆ ಉಳಿಯುತ್ತೇವೆ. ನಮ್ಮ ವೀಸಾದಲ್ಲಿ ‘ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್’ ಅಂತ, ಅಂದರೆ ಸರ್ಕಾರಿ ನೆರವಿಗೆ ಹಕ್ಕಿಲ್ಲ ಅಂತ ಬರೆದಿರುತ್ತದೆ. ಇಬ್ಬರದೂ ಹಾಗೇ ಇದ್ದರೆ 30 ಗಂಟೆ ಸಿಗುವುದಿಲ್ಲ. ಗಂಡ ಹೆಂಡತಿಯಲ್ಲಿ ಒಬ್ಬರಿಗೆ ಐಎಲ್‌ಆರ್ (ಇಲ್ಲೇ ಕಾಯಂ ಆಗಿ ಇರುವ ಅನುಮತಿ) ಅಥವಾ ಬ್ರಿಟಿಷ್ ಪಾಸ್‌ಪೋರ್ಟ್ ಇದ್ದರೆ ಸಿಗುತ್ತದೆ. ನನ್ನ ಹೆಂಡತಿ ಇಲ್ಲಿನ ವಾರ್ಡಿನಲ್ಲಿ ರಾತ್ರಿ ಹಗಲು ರೋಗಿಗಳನ್ನು ನೋಡಿಕೊಳ್ಳುತ್ತಾಳೆ, ತೆರಿಗೆ ಕಟ್ಟುತ್ತಾಳೆ. ಅದೇ ವಾರ್ಡಿನ ಅವಳ ಗೆಳತಿಯ ಮಗುವಿಗೆ 30 ಗಂಟೆ ಇದೆ, ಪುಟ್ಟಿಗೆ ಇಲ್ಲ. ಇದು ನೋವಿನ ಮಾತೇ. ಆದರೆ ನಿಯಮ ಇರುವುದು ಹಾಗೆ.

ಆದರೆ ಆ 15 ಗಂಟೆ ನಮ್ಮ ಮಕ್ಕಳದೂ ಹೌದು! ಇದನ್ನು ನಾವು ಹೆಚ್ಚುಕಮ್ಮಿ ಕಳೆದುಕೊಂಡೇಬಿಟ್ಟಿದ್ದೆವು. 2025ರ ಫೆಬ್ರವರಿಯಲ್ಲಿ ಆ ಖಾಸಗಿ ನರ್ಸರಿಯ ಆಫೀಸಿನಲ್ಲಿ ಕೇಳಿದಾಗ, ನಿಮ್ಮ ವೀಸಾಕ್ಕೆ ಏನೂ ಬರುವುದಿಲ್ಲ, ಪೂರ್ತಿ ಫೀಸ್ ಕಟ್ಟಬೇಕು ಅಂದರು. ಅವರು ಬೇಕಂತಲೇ ಹೇಳಿದರು ಅಂತ ನಾನು ಅನ್ನುವುದಿಲ್ಲ, ಅವರಿಗೂ 30 ಗಂಟೆಯ ನಿಯಮ ಮಾತ್ರ ತಲೆಯಲ್ಲಿ ಇತ್ತೋ ಏನೋ. ನಾವು ನಂಬಿ ಮನೆಗೆ ಬಂದೆವು. ನನ್ನ ಹೆಂಡತಿ ಆ ರಾತ್ರಿ ಓವರ್‌ಟೈಮ್ ಎಷ್ಟು ಮಾಡಿದರೆ ಸಾಕಾಗುತ್ತದೆ ಅಂತ ಪೇಪರ್ ಮೇಲೆ ಲೆಕ್ಕ ಹಾಕುತ್ತಾ ಕೂತಿದ್ದಳು. ಆ ಪೇಪರ್ ಇನ್ನೂ ನಮ್ಮ ಫ್ರಿಜ್ ಮೇಲಿದೆ.

ನಮ್ಮ ಪುಣ್ಯ, ಅವಳ ವಾರ್ಡಿನ ಕೇರಳದ ಚೇಚಿಯೊಬ್ಬರು ಮರುದಿನ ಹೇಳಿದರು, ನನ್ನ ಇಬ್ಬರು ಮಕ್ಕಳೂ ಇದೇ ವೀಸಾದಲ್ಲಿ 15 ಗಂಟೆಗೆ ಹೋಗಿದ್ದಾರೆ, ಕೌನ್ಸಿಲ್‌ಗೆ ಫೋನ್ ಮಾಡು ಅಂತ. ಪ್ರತಿ ಕೌನ್ಸಿಲ್‌ನಲ್ಲೂ (ಇಲ್ಲಿನ ಸ್ಥಳೀಯ ಆಡಳಿತ) ಇಂಥ ಮಾಹಿತಿ ಕೊಡುವ ಫ್ಯಾಮಿಲಿ ಇನ್ಫರ್ಮೇಶನ್ ಸರ್ವಿಸ್ ಅಂತ ಇರುತ್ತದೆ. ಫೋನ್ ಮಾಡಿದೆ. ಆ ಕಡೆಯ ಹೆಂಗಸು ಎರಡೇ ನಿಮಿಷದಲ್ಲಿ ಬಿಡಿಸಿ ಹೇಳಿದರು: ಎಲ್ಲರಿಗೂ ಕೊಡುವ 15 ಗಂಟೆ ಪಬ್ಲಿಕ್ ಫಂಡ್ಸ್ ಲೆಕ್ಕಕ್ಕೆ ಬರುವುದಿಲ್ಲ, ಶಾಲೆ ಹೇಗೋ ಹಾಗೆ, ಮಗುವಿನ ವಯಸ್ಸು ಮಾತ್ರ ನೋಡುತ್ತಾರೆ. ಇದಕ್ಕೆ ಸರ್ಕಾರದಿಂದ ಪಡೆಯುವ 11 ಅಂಕಿಯ ಕೋಡ್ ಕೂಡ ಬೇಡ. ಆ ಕೋಡ್, ಮೂರು ತಿಂಗಳಿಗೊಮ್ಮೆ ಮತ್ತೆ ಖಚಿತ ಮಾಡುವ ತಾಪತ್ರಯ, ಎಲ್ಲ 30 ಗಂಟೆಯವರಿಗೆ. ನಮಗೆ ಬೇಕಾಗಿದ್ದು ಪುಟ್ಟಿಯ ಪಾಸ್‌ಪೋರ್ಟ್ ಮತ್ತು ನರ್ಸರಿ ಕೊಡುವ ಒಂದು ಫಾರಂಗೆ ಸಹಿ. ಅಷ್ಟೇ. ಆ ಫೋನ್ ಇಟ್ಟ ಮೇಲೆ ಹೆಂಡತಿಗೆ ಮೆಸೇಜ್ ಮಾಡಿದೆ. ಅವಳು ಬ್ರೇಕ್‌ನಲ್ಲಿ ಓದಿ ಅತ್ತುಬಿಟ್ಟಳಂತೆ.

ಆದಾಯ ಕಡಿಮೆ ಇರುವವರಿಗೆ ಎರಡು ವರ್ಷದಿಂದಲೇ 15 ಗಂಟೆ ಸಿಗುವ ಇನ್ನೊಂದು ದಾರಿಯೂ ಇದೆ. ಇದು ನಮ್ಮಂಥ ವೀಸಾದವರಿಗೂ ಇದೆ. ಲಂಡನ್ ಹೊರಗೆ ಒಂದು ಮಗು ಇರುವ ಮನೆಗೆ ತೆರಿಗೆ ಕಳೆದು ವರ್ಷಕ್ಕೆ 26,500 ಪೌಂಡ್ ಮಿತಿ, ಲಂಡನ್‌ಗೆ ಬೇರೆ, ಎರಡು ಮಕ್ಕಳಿದ್ದರೆ ಬೇರೆ. ಒಬ್ಬರೇ ದುಡಿಯುವ ಮನೆಯವರು ದಯವಿಟ್ಟು ಕೇಳಿ ನೋಡಿ. ನಮ್ಮ ಮನೆಗೆ ಅದು ಅನ್ವಯಿಸಲಿಲ್ಲ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ನಲ್ಲಿ ನಿಯಮ ಬೇರೆ. ಸ್ಕಾಟ್ಲೆಂಡ್‌ನಲ್ಲಂತೂ ಮೂರು, ನಾಲ್ಕು ವರ್ಷದ ಎಲ್ಲರಿಗೂ ವರ್ಷಕ್ಕೆ 1,140 ಗಂಟೆ ಕೊಡುತ್ತಾರೆ, ಅಂದರೆ ನಮ್ಮ ಎರಡರಷ್ಟು.

ಎಲ್ಲಿ ಸೇರಿಸುವುದು ಅನ್ನುವುದು ಮುಂದಿನ ಪ್ರಶ್ನೆ. ಈ ಗಂಟೆಗಳನ್ನು ಖಾಸಗಿ ನರ್ಸರಿಯಲ್ಲೂ ಬಳಸಬಹುದು, ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳುವ ನೋಂದಾಯಿತ ಚೈಲ್ಡ್‌ಮೈಂಡರ್ ಹತ್ತಿರವೂ ಬಳಸಬಹುದು, ಸರ್ಕಾರಿ ಪ್ರೈಮರಿ ಶಾಲೆಗೆ ಸೇರಿದ ನರ್ಸರಿಯಲ್ಲೂ ಬಳಸಬಹುದು. ಖಾಸಗಿಯಲ್ಲೇ ಮುಂದುವರಿಸೋಣ ಅಂತ ಕೇಳಿದಾಗ ಊಟ, ತಿಂಡಿ, ಸನ್‌ಕ್ರೀಮ್, ‘ಆಕ್ಟಿವಿಟಿ’ ಅಂತೆಲ್ಲ ಸೇರಿಸಿ ಫ್ರೀ ದಿನಕ್ಕೂ ಒಂದು ಮೊತ್ತ ಹೇಳಿದರು. ಇಂಥ ಖರ್ಚು ಕೇಳಬಹುದು, ಆದರೆ ಅದನ್ನು ಕಟ್ಟಿದರೆ ಮಾತ್ರ ಫ್ರೀ ಗಂಟೆ ಕೊಡುತ್ತೇವೆ ಅನ್ನುವ ಹಾಗಿಲ್ಲ ಅಂತ ಸರ್ಕಾರದ ಮಾರ್ಗಸೂಚಿಯಲ್ಲೇ ಇದೆ. ನಾವು ಜಗಳಕ್ಕೆ ಹೋಗಲಿಲ್ಲ. ಮನೆಯಿಂದ ಹತ್ತು ನಿಮಿಷ ನಡೆದರೆ ಸಿಗುವ ಶಾಲೆಯ ನರ್ಸರಿಗೆ ಅರ್ಜಿ ಹಾಕಿದೆವು. ಅಲ್ಲಿಗೆ ನೇರವಾಗಿ ಶಾಲೆಯ ಆಫೀಸಿನಲ್ಲೇ ಫಾರಂ ಕೊಡಬೇಕು. ಮಾರ್ಚ್‌ನಲ್ಲೇ ಕೊಟ್ಟಿದ್ದರಿಂದ ಜಾಗ ಸಿಕ್ಕಿತು. ಜುಲೈಯಲ್ಲಿ ಹೋದ ಇನ್ನೊಬ್ಬ ಗೆಳೆಯನ ಮಗು ಕಾಯುವ ಪಟ್ಟಿಗೆ ಹೋಯಿತು. ಗಂಟೆ ನಿಮ್ಮ ಹಕ್ಕು, ಆದರೆ ಇಂಥದೇ ನರ್ಸರಿಯಲ್ಲಿ ಜಾಗ ಸಿಕ್ಕೇ ಸಿಗುತ್ತದೆ ಅನ್ನುವ ಹಾಗಿಲ್ಲ. ಅದಕ್ಕೇ ಮಗುವಿಗೆ ಎರಡೂವರೆ ಆದಾಗಲೇ ಹೋಗಿ ಕೇಳಿ.

ಆ ನರ್ಸರಿಯ ಬಗ್ಗೆ ಎಷ್ಟು ಹೇಳಿದರೂ ಸಾಲದು. ಶುರುವಾಗುವ ಮೊದಲು, ಸೆಪ್ಟೆಂಬರ್ ಮೊದಲ ವಾರ, ಟೀಚರ್ ಮತ್ತು ಅವರ ಸಹಾಯಕಿ ನಮ್ಮ ಮನೆಗೇ ಬಂದರು. ಇದಕ್ಕೆ ಹೋಮ್ ವಿಸಿಟ್ ಅನ್ನುತ್ತಾರೆ. ಆಗ ಅಮ್ಮ ತಿಪಟೂರಿನಿಂದ ಬಂದಿದ್ದರು. ಟೀಚರ್ ಬರುತ್ತಾರೆ ಅಂತ ಬೆಳಿಗ್ಗೆಯೇ ಮನೆ ಗುಡಿಸಿ, ಕೋಡುಬಳೆ ಕರಿದು, ಕಾಫಿ ಡಿಕಾಕ್ಷನ್ ಇಳಿಸಿ ಕೂತಿದ್ದರು. ಟೀಚರ್ ಬಂದವರೇ ಸೋಫಾ ಮೇಲೆ ಕೂರಲಿಲ್ಲ, ಪುಟ್ಟಿ ಜೊತೆ ನೆಲದ ಮೇಲೆ ಕೂತರು. ಅರ್ಧ ಗಂಟೆ ಅವಳ ಅಡುಗೆ ಆಟದ ಸಾಮಾನಿನಲ್ಲಿ ಅವಳು ಮಾಡಿಕೊಟ್ಟ ಸುಳ್ಳು ದೋಸೆ ತಿಂದರು. ಆಮೇಲೆ ನನ್ನನ್ನು ಕೇಳಿದರು, ಅವಳಿಗೆ ಬೇಕಾಗುವ ಹತ್ತು ಪದ ನಿಮ್ಮ ಭಾಷೆಯಲ್ಲಿ ಹೇಳಿಕೊಡಿ ಅಂತ.

ನೀರು, ಹಸಿವು, ಸುಸು, ನೋವು, ಸಾಕು, ಬೇಕು, ಬೇಡ, ಅಮ್ಮ, ಅಪ್ಪ, ಬಾ. ಒಂದೊಂದನ್ನೂ ಅವರು ಇಂಗ್ಲಿಷ್ ಅಕ್ಷರದಲ್ಲಿ ಕಾರ್ಡ್ ಮೇಲೆ ಬರೆದುಕೊಂಡರು. ‘ನೋವು’ ಅವರ ಬಾಯಲ್ಲಿ ‘ನೋವೂ’ ಆಗುತ್ತಿತ್ತು, ಅಮ್ಮ ಮೂರು ಸಲ ತಿದ್ದಿದರು, ಅವರು ಮೂರು ಸಲವೂ ಮತ್ತೆ ಹೇಳಿದರು. ಮಕ್ಕಳು ಮನೆಮಾತನ್ನು ಆಟದಲ್ಲಿ, ಕಲಿಕೆಯಲ್ಲಿ ಬಳಸಲು ಅವಕಾಶ ಮಾಡಿಕೊಡಬೇಕು ಅನ್ನುವುದು ಇಲ್ಲಿನ ನರ್ಸರಿ ಪಠ್ಯಕ್ರಮದ ನಿಯಮದಲ್ಲೇ ಇದೆ ಅಂತ ಆಮೇಲೆ ಗೊತ್ತಾಯಿತು. ಮನೆಯಲ್ಲಿ ಕನ್ನಡವನ್ನೇ ಮಾತಾಡಿ, ಇಂಗ್ಲಿಷ್ ನಾವು ನೋಡಿಕೊಳ್ಳುತ್ತೇವೆ ಅಂತ ಆ ಟೀಚರ್ ನಮಗೆ ಬಾಯಿಬಿಟ್ಟು ಹೇಳಿದರು. ಮಗು ಹಿಂದೆ ಬೀಳುತ್ತದೆ ಅಂತ ಹೆದರಿ ಮನೆಯಲ್ಲಿ ಅರೆಬರೆ ಇಂಗ್ಲಿಷ್ ಶುರು ಮಾಡಿದ್ದ ನಾವು ಅವತ್ತೇ ನಿಲ್ಲಿಸಿದೆವು.

ಸೆಪ್ಟೆಂಬರ್ 1 ಅಂತ ಬರೆದಿದ್ದರೂ ನಿಜವಾಗಿ ಶುರುವಾಗಿದ್ದು 15ರ ಸುಮಾರಿಗೆ. ಮೊದಲ ದಿನ ಒಂದು ಗಂಟೆ, ಆಮೇಲೆ ಎರಡು ಗಂಟೆ, ಹೀಗೆ ಒಂದು ವಾರ. ಕೆಲಸಕ್ಕೆ ಹೋಗುವವರಿಗೆ ಇದು ಕಷ್ಟ, ಹೆಂಡತಿ ಅದಕ್ಕಂತಲೇ ರಜೆ ಹಾಕಿದಳು. ಈಗ ದಿನಾ ಬೆಳಿಗ್ಗೆ 8:45ರಿಂದ 11:45, ಐದು ದಿನ. ಕ್ಲಾಸಿನಲ್ಲಿ 26 ಮಕ್ಕಳು, ಒಬ್ಬ ಅರ್ಹ ಟೀಚರ್, ಒಬ್ಬ ಸಹಾಯಕಿ. ಟೀಚರ್ ಇದ್ದರೆ 13 ಮಕ್ಕಳಿಗೆ ಒಬ್ಬರು ಸಾಕು ಅನ್ನುವುದು ನಿಯಮ. ಖಾಸಗಿಯಲ್ಲಿ ಎಂಟು ಮಕ್ಕಳಿಗೆ ಒಬ್ಬರಿದ್ದರು. ಮೊದಲು ಇದಕ್ಕೆ ಹೆದರಿದ್ದೆ. ಆದರೆ ಅಲ್ಲಿ ತಿಂಗಳಿಗೊಬ್ಬರು ಹೊಸ ಮುಖ ಬರುತ್ತಿದ್ದರು, ಇಲ್ಲಿ ಮೊದಲ ದಿನದಿಂದ ಅದೇ ಇಬ್ಬರು. ಪುಟ್ಟಿಗೆ ಅದು ಮುಖ್ಯ. ಮೂರನೇ ದಿನ ಚಡ್ಡಿ ಒದ್ದೆ ಮಾಡಿಕೊಂಡಾಗ ಸಹಾಯಕಿ ‘ಸುಸು, ಸುಸು, ಪರವಾಗಿಲ್ಲ’ ಅನ್ನುವ ಧಾಟಿಯಲ್ಲೇ ಬಟ್ಟೆ ಬದಲಿಸಿ ಕಳಿಸಿದ್ದರು, ನನಗೆ ಒಂದು ಮಾತು ಅನ್ನಲಿಲ್ಲ.

ಊಟ ಇಲ್ಲ, ಆದರೆ ಹಾಲು ಇದೆ. ಐದು ವರ್ಷದೊಳಗಿನ ಮಕ್ಕಳು ದಿನಕ್ಕೆ ಎರಡು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ನರ್ಸರಿಯಲ್ಲಿದ್ದರೆ 189 ಎಂ.ಎಲ್. ಹಾಲು ಪುಕ್ಕಟೆ. ಅಮ್ಮನಿಗೆ ಹೇಳಿದಾಗ ಅವರು ಕೂಡಲೇ, ‘ನಮ್ಮಲ್ಲೂ ಕ್ಷೀರಭಾಗ್ಯ ಇದೆಯಲ್ಲೋ’ ಅಂದರು. ಹೌದು, 2013ರ ಆಗಸ್ಟ್‌ನಿಂದ ನಮ್ಮ ಶಾಲೆ, ಅಂಗನವಾಡಿಗಳಲ್ಲಿ ಕೊಡುವ 150 ಎಂ.ಎಲ್. ತಿಪಟೂರಿನ ಮೊಮ್ಮಗನೂ ಇಲ್ಲಿನ ಮೊಮ್ಮಗಳೂ ಸರ್ಕಾರದ ಹಾಲು ಕುಡಿಯುತ್ತಿದ್ದಾರೆ ಅಂತ ಅಮ್ಮ ಊರಿಗೆ ಹೋಗಿ ಎಲ್ಲರಿಗೂ ಹೇಳಿದ್ದಾರೆ.

ಮೂರು ಗಂಟೆ ಅಂದರೆ ನಿಜಕ್ಕೂ ಕಡಿಮೆ, ಅದನ್ನು ಮುಚ್ಚಿಡುವುದಿಲ್ಲ. ಬಿಟ್ಟು ಮನೆಗೆ ಬಂದು ನಾನು ಕಣ್ಣು ಮುಚ್ಚುವಷ್ಟರಲ್ಲಿ ಅಲಾರಂ ಹೊಡೆಯುತ್ತದೆ. ಹಾಫ್ ಟರ್ಮ್, ಕ್ರಿಸ್‌ಮಸ್, ಈಸ್ಟರ್, ಬೇಸಿಗೆಯ ಆರು ವಾರ, ಯಾವುದೂ ಇದರಲ್ಲಿ ಬರುವುದಿಲ್ಲ. ಕೆಲವು ಖಾಸಗಿ ನರ್ಸರಿಗಳು 570 ಗಂಟೆಯನ್ನು ವರ್ಷಪೂರ್ತಿ ಹಂಚಿ ವಾರಕ್ಕೆ ಸುಮಾರು 11 ಗಂಟೆ ಕೊಡುತ್ತವೆ, ಇಬ್ಬರದೂ ಹಗಲು ಕೆಲಸ ಆದರೆ ಅದೇ ವಾಸಿ. ಒಂದೇ ದಿನ ಎರಡು ಕಡೆ ಹಂಚಿಕೊಳ್ಳಲೂ ಅವಕಾಶ ಇದೆ. ನಾವು ಮಂಗಳವಾರ, ಗುರುವಾರ ಮಾತ್ರ ಒಬ್ಬ ಚೈಲ್ಡ್‌ಮೈಂಡರ್‌ಗೆ ದುಡ್ಡು ಕೊಟ್ಟು ಮಧ್ಯಾಹ್ನ ಮೂರರ ತನಕ ಬಿಡುತ್ತೇವೆ, ಅವರೇ ನರ್ಸರಿಯಿಂದ ಕರೆದುಕೊಂಡು ಹೋಗುತ್ತಾರೆ. ಈಗ ವಾರಕ್ಕೆ 40 ಪೌಂಡ್‌ನಲ್ಲಿ ಮುಗಿಯುತ್ತಿದೆ.

ಇನ್ನೊಂದು ವಿಷಯ, ಇದನ್ನು ಬಹಳ ಜನ ಮರೆಯುತ್ತಾರೆ. ಶಾಲೆಯ ನರ್ಸರಿಯಲ್ಲಿ ಇದ್ದರೆ ಅದೇ ಶಾಲೆಯ ರಿಸೆಪ್ಷನ್‌ಗೆ ತಾನಾಗಿಯೇ ಸೇರಿಸಿಕೊಳ್ಳುವುದಿಲ್ಲ. ಬೇರೆಯಾಗಿ ಕೌನ್ಸಿಲ್‌ಗೆ ಅರ್ಜಿ ಹಾಕಬೇಕು, ಕೊನೆಯ ದಿನ ಜನವರಿ 15. ನಾವು ಡಿಸೆಂಬರ್‌ನಲ್ಲೇ ಹಾಕಿದೆವು. ಏಪ್ರಿಲ್ 16ಕ್ಕೆ ಗೊತ್ತಾಗುತ್ತದೆ. ಪುಟ್ಟಿಗೆ ಆಗ ನಾಲ್ಕು ತುಂಬಿ ಹತ್ತು ದಿನ ಆಗಿರುತ್ತದೆ.

ಈಗ ಅವಳು ಬಣ್ಣ ಹಚ್ಚಿದ್ದು ಮುಗಿಯಿತು. ನನ್ನ ಕೈ ಹಿಡಿದು ಎಳೆಯುತ್ತಿದ್ದಾಳೆ. ಸೋಮವಾರ ನರ್ಸರಿ ಇದೆಯಾ ಅಂತ ಕನ್ನಡದಲ್ಲೇ ಕೇಳಿದಳು, ಇದೆ ಅಂದೆ, ಟೀಚರ್ ಹೆಸರು ಹೇಳಿಕೊಂಡು ಕುಣಿಯುತ್ತಿದ್ದಾಳೆ. ನಿಮ್ಮ ಮಗು ಯಾವ ತಿಂಗಳಲ್ಲಿ ಹುಟ್ಟಿದ್ದು ಅಂತ ಕೆಳಗೆ ಬರೆಯಿರಿ, ಯಾವ ಟರ್ಮ್‌ನಿಂದ ಸಿಗುತ್ತದೆ ಅಂತ ನಾನು ಲೆಕ್ಕ ಹಾಕಿ ಹೇಳುತ್ತೇನೆ. ರಾತ್ರಿ ಪಾಳಿಯ ಬ್ರೇಕ್‌ನಲ್ಲಿ ನೋಡುತ್ತೇನೆ, ಉತ್ತರ ಸ್ವಲ್ಪ ತಡ ಆಗಬಹುದು.